ತುಕ್ಕಿಗೆ ಕ್ಷಮೆಯುಂಟು, ತಪ್ಪಳತೆಗಿಲ್ಲ

"ಇದು ರ‍್ಯಾಟ್ ರಾಡ್ ತಾನೇ, ಅಷ್ಟೊಂದು ಅಚ್ಚುಕಟ್ಟು ಏಕೆ?" ಎಂಬ ಮಾತನ್ನು ಖಂಡಿಸಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಗ್ಯಾರೇಜಿನಲ್ಲಿ ಹಳೆಯ ಫೋರ್ಡ್ ಪಿಕಪ್ ಟ್ರಕ್ಕೊಂದಕ್ಕೆ ಹೊಸ ಚಾಸಿ ಕಟ್ಟುತ್ತಿದ್ದಾನೆ. ಅವನಿಗೆ ಈ ಉಪದೇಶ ಮಾಡಿದವರು ಒಬ್ಬಿಬ್ಬರಲ್ಲವಂತೆ. ಉಪದೇಶಕರಿಗೆ ಕನ್ನಡ ಬಾರದು. ಆದರೆ ಈ ಮನೋಭಾವಕ್ಕೆ ಭಾಷೆಯ ಹಂಗಿಲ್ಲ. ಆದ್ದರಿಂದ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಇಲ್ಲಿಯೇ ಉತ್ತರಿಸುತ್ತೇನೆ.

ರ‍್ಯಾಟ್ ರಾಡ್ ಎಂಬ ಹೆಸರು ನಿಮ್ಮಲ್ಲಿ ಅನೇಕರಿಗೆ ಹೊಸದಿರಬಹುದು. ಎರಡನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳ ಮಡ್‌ಗಾರ್ಡುಗಳನ್ನು ಕಳಚಿ, ತೂಕ ಇಳಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಫೋರ್ಡ್ ಕಂಪನಿ 1932ರಲ್ಲಿ ತಂದ ಅಗ್ಗದ ವಿ-8 ಎಂಜಿನ್ ಇವರ ಪಾಲಿಗೆ ವರವಾಯಿತು. ಇವೇ ಹಾಟ್ ರಾಡ್‌ಗಳು. ಮುಂದೆ ಹಾಟ್ ರಾಡ್ ಎಂಬುದು ಲಕ್ಷಾಂತರ ರೂಪಾಯಿಯ ಬಣ್ಣ, ಕ್ರೋಮ್ ಲೇಪಗಳ ಪ್ರದರ್ಶನದ ವಸ್ತುವಾದಾಗ, ಕೆಲವರು ಅದಕ್ಕೆ ಬೆನ್ನು ತಿರುಗಿಸಿ, ಗುಜರಿಯ ಭಾಗಗಳಿಂದಲೇ ವಾಹನ ಕಟ್ಟಿ, ತುಕ್ಕನ್ನು ಹಾಗೆಯೇ ಉಳಿಸಿಕೊಂಡರು. ಅದೇ ರ‍್ಯಾಟ್ ರಾಡ್.

ಈ ಬಂಡಾಯದ ಬಗ್ಗೆ ನನಗೆ ಗೌರವವೇ ಇದೆ. "ಓದಿದವನು ಅಮೆರಿಕಕ್ಕೆ ಹೋಗಿ ತುಕ್ಕು ಕಬ್ಬಿಣ ಕುಟ್ಟುತ್ತಿದ್ದಾನೆ" ಎಂದು ಮೂಗು ಮುರಿಯುವ ಬಂಧುಗಳಿಗೆ ನಾನು ಹೇಳುವುದಿಷ್ಟೆ: ಕೈಗೆ ಮಸಿ ಹತ್ತಿದ ಮಾತ್ರಕ್ಕೆ ವಿದ್ಯೆ ಕೆಡುವುದಿಲ್ಲ. ನನ್ನ ಆಕ್ಷೇಪವಿರುವುದು ಬೇರೆ ಕಡೆ. ಹೊಳಪನ್ನು ತಿರಸ್ಕರಿಸಲು ಹೊರಟವರು ಅದರೊಂದಿಗೆ ಅಳತೆಯನ್ನೂ ತಿರಸ್ಕರಿಸಿದರೆ ಅದು ಬಂಡಾಯವಲ್ಲ, ಸೋಮಾರಿತನ.

ಚಾಸಿಯಿಂದಲೇ ಆರಂಭಿಸೋಣ. ಮನೆಯಲ್ಲಿ ಕಟ್ಟುವವರು ಸಾಮಾನ್ಯವಾಗಿ 2 ಇಂಚು ಅಗಲ, 4 ಇಂಚು ಎತ್ತರದ ಚೌಕಟ್ಟು ಕೊಳವೆಗಳನ್ನು ಎರಡು ಉದ್ದ ತೊಲೆಗಳಾಗಿಸಿ, ನಡುವೆ ಅಡ್ಡಪಟ್ಟಿಗಳನ್ನು ಬೆಸೆಯುತ್ತಾರೆ. ತೊಲೆಗಳು ಸಮಾಂತರವಾಗಿರಲಿ, ಮುಂದಕ್ಕೆ ಸಮನಾಗಿ ಕಿರಿದಾಗುತ್ತ ಹೋಗಲಿ, ಎರಡು ಕರ್ಣಗಳು ಸಮವಾಗಿರಲೇಬೇಕು. ಇದು ಪ್ರೌಢಶಾಲೆಯ ರೇಖಾಗಣಿತ. ಕರ್ಣಗಳು ಸಮವಾದರೂ ಚೌಕಟ್ಟು ತಿರುಚಿಕೊಂಡಿರಬಹುದು. ಆದ್ದರಿಂದ ನಾಲ್ಕು ಮೂಲೆಗಳಲ್ಲೂ ರಸಮಟ್ಟ ಇಟ್ಟು ನೋಡಬೇಕು. ಬೆಸುಗೆ ತಣಿಯುವಾಗ ಲೋಹ ಕುಗ್ಗಿ ತನ್ನತ್ತ ಎಳೆಯುತ್ತದೆ. ಅದಕ್ಕಾಗಿಯೇ ಬಲ್ಲವರು ಮೊದಲು ಚುಕ್ಕಿ ಬೆಸುಗೆ ಹಾಕಿ, ಅಳೆದು, ಬಳಿಕ ಎಡ ಬಲ ಬದಲಿಸುತ್ತ ಸ್ವಲ್ಪ ಸ್ವಲ್ಪವಾಗಿ ಬೆಸೆಯುತ್ತಾರೆ. ಒಂದೇ ಉಸಿರಿಗೆ ಬೆಸೆದವನ ಚಾಸಿ ಬೆಳಗಾಗುವಷ್ಟರಲ್ಲಿ ಬಾಳೆಹಣ್ಣಿನಂತೆ ಬಾಗಿರುತ್ತದೆ.

ಇನ್ನು ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸುವ ಹುಚ್ಚು. ಹಿಂದಿನ ಆಕ್ಸಲ್ ಮೇಲೇಳಲು ಜಾಗವಿರಲೆಂದು ತೊಲೆಯನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸುತ್ತಾರೆ. ಆಯತಾಕಾರದ ಗಟ್ಟಿ ತೊಲೆಯೊಂದು ಬಾಗದೆ ತಡೆದುಕೊಳ್ಳುವ ಸಾಮರ್ಥ್ಯ ಅದರ ಎತ್ತರದ ವರ್ಗಕ್ಕೆ ಅನುಪಾತವಾಗಿರುತ್ತದೆ. ಎತ್ತರ ಅರ್ಧವಾದರೆ ಬಲ ಉಳಿಯುವುದು ಕಾಲುಭಾಗ. ಟೊಳ್ಳು ಕೊಳವೆಯ ಲೆಕ್ಕ ಕೊಂಚ ಬೇರೆಯಾದರೂ ಅಲ್ಲಿಯೂ ನಷ್ಟ ಅರ್ಧಕ್ಕಿಂತ ಹೆಚ್ಚು. ಕತ್ತರಿಸಿದ ಜಾಗಕ್ಕೆ ದಪ್ಪ ತಗಡಿನ ಕಮಾನು ಬೆಸೆದು ಕಳೆದ ಬಲವನ್ನು ಮರಳಿ ತುಂಬಬೇಕು. ಇಷ್ಟಾದ ಮೇಲೂ ಆಕ್ಸಲ್ಲಿಗೂ ತೊಲೆಗೂ ನಡುವೆ ಅಂತರವಿಲ್ಲದಿದ್ದರೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ರಸ್ತೆಯ ಪ್ರತಿಯೊಂದು ಗುಂಡಿಯ ಪೆಟ್ಟೂ ನೇರವಾಗಿ ಬೆಸುಗೆಗಳ ಮೇಲೆಯೇ ಬೀಳುತ್ತದೆ.

ಮುಂಭಾಗದ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಫೋರ್ಡುಗಳಲ್ಲಿ ಮುಂದಿನ ಆಕ್ಸಲ್ ಇಂಗ್ಲಿಷಿನ 'ಐ' ಅಕ್ಷರದ ಆಕಾರದ ಉಕ್ಕಿನ ತೊಲೆ. ಅದನ್ನು ಹಿಡಿದಿಡಲು ಕವೆಯಾಕಾರದ ವಿಶ್‌ಬೋನ್ ಎಂಬ ದಂಡ. ಎಂಜಿನ್ನಿಗೆ ಜಾಗವಾಗಲೆಂದು ಆ ದಂಡವನ್ನು ಸೀಳಿ ಎರಡು ಬದಿಗೆ ಕಟ್ಟುವುದು ಹಳೆಯ ಪದ್ಧತಿ. ಹಾಗೆ ಕಟ್ಟಿದಾಗ ಒಂದು ಚಕ್ರ ಉಬ್ಬು ಹತ್ತಿದರೆ ಆಕ್ಸಲ್ ತಿರುಚಿಕೊಳ್ಳಲೇಬೇಕು. ಐ ಆಕಾರದ್ದು ತಿರುಚಿಕೊಳ್ಳುತ್ತದೆ. ಕೊಳವೆಯಾಕಾರದ ಆಕ್ಸಲ್ ತಿರುಚಿಕೊಳ್ಳದು. ಆಗ ಆ ಬಲವೆಲ್ಲ ಬ್ರ್ಯಾಕೆಟ್ಟುಗಳ ಮೇಲೆ ಬಿದ್ದು ಅವು ಬಿರುಕು ಬಿಡುತ್ತವೆ. ಕೊಳವೆ ಆಕ್ಸಲ್ಲಿಗೆ ನಾಲ್ಕು ಸಮಾಂತರ ದಂಡಗಳ ಜೋಡಣೆಯೇ ಸರಿ. ಎರಡೂ ಗುಜರಿಯಲ್ಲಿ ಸಿಕ್ಕವೆಂದು ಸಿಕ್ಕಂತೆ ಜೋಡಿಸುವವನಿಗೆ ಈ ಭೇದ ಕಾಣುವುದೇ ಇಲ್ಲ.

ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೇಕೆಂದು ನಾನು ತರಗತಿಯಲ್ಲಿ ಕೇಳುತ್ತಿದ್ದುದು ನೆನಪಿದೆಯೆ? ಚಕ್ರ ತಿರುಗುವ ಅಕ್ಷವು ಹಿಂದಕ್ಕೆ ಒರಗಿರುವುದರಿಂದ ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ಇಂಥ ಟ್ರಕ್ಕುಗಳ ಮುಂದಿನ ಆಕ್ಸಲ್ಲಿಗೆ ಆ ಕ್ಯಾಸ್ಟರ್ ಕೋನ ಸಾಧಾರಣವಾಗಿ 5ರಿಂದ 7 ಡಿಗ್ರಿ ಇಡುತ್ತಾರೆ. ಚಾಸಿಯನ್ನು ಮಟ್ಟವಾದ ಸ್ಟ್ಯಾಂಡಿನ ಮೇಲಿಟ್ಟು ಕೋನ ಹೊಂದಿಸಿ, ಆಮೇಲೆ ಅಂದಕ್ಕೆಂದು ಮೂತಿಯನ್ನು 2 ಡಿಗ್ರಿ ಬಗ್ಗಿಸಿದರೆ, ಆ 2 ಡಿಗ್ರಿ ಕ್ಯಾಸ್ಟರಿನಿಂದಲೇ ಕಳೆದುಹೋಗುತ್ತದೆ. ಅಡ್ಡ ಸ್ಪ್ರಿಂಗಿನ ಮೇಲೆ ನಿಂತ ಆಕ್ಸಲ್ ಎಡಬಲಕ್ಕೆ ಓಲಾಡದಂತೆ ಪ್ಯಾನ್‌ಹಾರ್ಡ್ ದಂಡವಿಲ್ಲದೆ, ಸ್ಟಿಯರಿಂಗ್ ಕೊಂಡಿಯನ್ನು ಅಡ್ಡಲಾಗಿ ಕಟ್ಟಿದರೆ, ಚಾಲಕ ಕೈ ಅಲುಗಿಸದಿದ್ದರೂ ಗಾಡಿ ತಿರುಗುತ್ತದೆ. ಒಂದು ಚಕ್ರದ ರಿಮ್ಮಿನ ಅಂಚಿನಿಂದ ಎದುರು ಚಕ್ರ ನೆಲ ಮುಟ್ಟುವ ಬಿಂದುವಿಗೆ ಗೆರೆ ಎಳೆಯಿರಿ. ಚಾಸಿಯ ಯಾವ ಭಾಗವೂ ಆ ಗೆರೆಗಿಂತ ಕೆಳಗೆ ಜೋತಾಡಬಾರದು. ಜೋತಾಡಿದರೆ, ಟೈರಿನ ಗಾಳಿ ಹೋದ ಕ್ಷಣದಲ್ಲಿ ಅದು ನೇಗಿಲಿನಂತೆ ರಸ್ತೆಗೆ ನಾಟುತ್ತದೆ.

ಇದಕ್ಕೆ ಪ್ರತಿವಾದಗಳೂ ಇವೆ. "ನಾನು ನಿಧಾನವಾಗಿ ಓಡಿಸುತ್ತೇನೆ" ಎನ್ನುತ್ತಾರೆ. ಬಿರುಕು ಬಿಟ್ಟ ಸ್ಟಿಯರಿಂಗ್ ತೋಳು ಮುರಿಯುವ ಮುನ್ನ ವೇಗವನ್ನು ವಿಚಾರಿಸುವುದಿಲ್ಲ. "ಗಾಡಿ ನನ್ನದು, ಪ್ರಾಣವೂ ನನ್ನದು" ಎನ್ನುತ್ತಾರೆ. ರಸ್ತೆ ಮಾತ್ರ ನಿಮ್ಮದಲ್ಲ. ಎದುರಿನಿಂದ ಬರುವ ಶಾಲಾ ಬಸ್ಸಿನ ಮಕ್ಕಳೂ ನಿಮ್ಮವರಲ್ಲ. "ಹಿಂದಿನವರು ಹೀಗೆಯೇ ಕಟ್ಟಿದ್ದರು" ಎಂಬುದಂತೂ ಇತಿಹಾಸಕ್ಕೆ ಮಾಡುವ ಅಪಚಾರ. ಆ ಹಿಂದಿನವರೇ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡು ಓಟಗಳಿಗೆ ಶಿಸ್ತು ತಂದರು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದ್ದೂ ಈ ಹವ್ಯಾಸಕ್ಕೆ ಸುರಕ್ಷತೆಯನ್ನು ಕಲಿಸಲೆಂದೇ. ಪೂರ್ವಜರ ತುಕ್ಕನ್ನು ಮಾತ್ರ ಪಡೆದು ಅವರ ಶಿಸ್ತನ್ನು ಬಿಟ್ಟವರು ಎಂಥ ವಾರಸುದಾರರು?

ಕಾನೂನೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ಕೂಡ ತಿಳಿಯಬೇಡಿ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಾಹನದ ನೋಂದಣಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಕೆಲವೆಡೆ ತಪಾಸಣೆ ಬಿಗಿ, ಕೆಲವೆಡೆ ಸಡಿಲ. ಸಡಿಲವಿದ್ದಲ್ಲಿ ಕಟ್ಟುವವನ ಮನಸ್ಸಾಕ್ಷಿಯೇ ಇನ್‌ಸ್ಪೆಕ್ಟರು. ಇದನ್ನೋದಿ ಉತ್ಸಾಹಗೊಂಡು ಇಲ್ಲಿಯೇ ಹಳೆಯ ಜೀಪನ್ನು ಕತ್ತರಿಸಹೊರಡುವ ತರುಣರಿಗೆ ಒಂದು ಎಚ್ಚರಿಕೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ, ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಅದನ್ನು ಸ್ಪಷ್ಟಪಡಿಸಿದೆ.

"ಏನೂ ಆಗಲ್ಲ ಬಿಡಿ" ಎಂಬ ಮಾತನ್ನು ನಮ್ಮ ನಾಡಿನಲ್ಲಿ ನಿತ್ಯವೂ ಕೇಳುತ್ತೇವೆ. ಸೇತುವೆ ಕಟ್ಟುವವನಿಂದ ವೈರಿಂಗ್ ಮಾಡುವವನವರೆಗೆ ಎಲ್ಲರ ಬಾಯಲ್ಲೂ ಅದೇ ಮಂತ್ರ. ಅಮೆರಿಕದ ಗ್ಯಾರೇಜಿನಲ್ಲಿ ಅದು ವೇಷ ಬದಲಿಸಿ "ಇದು ರ‍್ಯಾಟ್ ರಾಡ್ ತಾನೇ" ಎನ್ನುತ್ತಿದೆ, ಅಷ್ಟೆ. ಬಣ್ಣ ಹಚ್ಚಬೇಡಿ, ಬಾಗಿಲ ತುಕ್ಕನ್ನು ಉಜ್ಜಬೇಡಿ, ಸೀಟಿಗೆ ಗೋಣಿತಾಟು ಹೊದೆಸಿದರೂ ನನ್ನ ತಕರಾರಿಲ್ಲ. ಆದರೆ ಕೊನೆಯ ಬೆಸುಗೆ ಹಾಕುವ ಮುನ್ನ ಕರ್ಣಗಳನ್ನು ಇನ್ನೊಮ್ಮೆ ಅಳೆಯಿರಿ.