ಹೊಲದ ಮೂಲೆ ಯಾರದು?

ಯಹೂದಿಗಳು ತಮ್ಮ ತೋರಾ ಗ್ರಂಥವನ್ನು ವಾರಕ್ಕೊಂದು ಭಾಗದಂತೆ ಓದ್ತಾರೆ. 'ಕೆದೋಶಿಮ್' ಅನ್ನೋ ಭಾಗದಲ್ಲಿ ರೈತನಿಗೊಂದು ಮಾತಿದೆ: ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು, ಉದುರಿದ ತೆನೆ ಆಯಬಾರದು. ಅದು ಬಡವರಿಗೆ, ಬೇರೆ ಊರಿಂದ ಬಂದವರಿಗೆ.

ನಮ್ಮ ಹಳ್ಳಿಗಳಲ್ಲೂ ಕೊಯ್ಲಾದ ಮೇಲೆ ಹಕ್ಕಲು ಆಯೋರು ಇದ್ದರಲ್ಲ, ಹಾಗೇ. ಆದ್ರೆ ಅಲ್ಲಿ ಅದು ದಾನವಲ್ಲ, ಬಡವರ ಹಕ್ಕು. ಮಾಲೀಕ ತನಗೆ ಬೇಕಾದವರನ್ನು ಆರಿಸಿ ಕೊಡೋ ಹಾಗಿಲ್ಲ. ಅವರೇ ಬಂದು ಕೊಯ್ದುಕೊಳ್ತಾರೆ. ಎಷ್ಟು ಬಿಡಬೇಕು? ಯಹೂದಿ ಧರ್ಮಶಾಸ್ತ್ರ ಮಿಶ್ನಾ ಪ್ರಕಾರ ಕನಿಷ್ಠ 60ರಲ್ಲಿ 1 ಪಾಲು.

ನಮಗೆ ಹೊಲ ಇಲ್ಲ, ಸಂಬಳ ಇದೆ. 60,000ಕ್ಕೆ 1,000 ರೂಪಾಯಿ. ದೇವರಾಜ ಮಾರ್ಕೆಟ್‌ನಲ್ಲಿ ಹೂವಿನವರ ಹತ್ರ ಕೊನೆಯ 10 ರೂಪಾಯಿಗೆ ಚೌಕಾಸಿ ಮಾಡೋ ಮುಂಚೆ ಯೋಚಿಸಿ. ಅದು ನಮ್ಮ ಹೊಲದ ಮೂಲೆ ಇರಬಹುದು.