ನೆಲದಡಿಯ ನಕ್ಷೆ

ಎವರೆಸ್ಟ್ ಶಿಖರದ ತುದಿಯನ್ನು ಮಾನವನು ಏರಿ ನಿಂತದ್ದು 1953ರಲ್ಲಿ. ಆದರೆ ಅದರ ಎತ್ತರವು 1856ರಲ್ಲಿಯೇ ಪ್ರಕಟವಾಗಿತ್ತು. ಭಾರತದ ಮೋಜಣಿದಾರರು ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನಲ್ಲಿ ನಿಂತು, ಕೋನಗಳನ್ನು ಅಳೆದು, ಕೇವಲ ಗಣಿತದ ಬಲದಿಂದ ಆ ಎತ್ತರವನ್ನು ಕಂಡುಕೊಂಡಿದ್ದರು. ಗುಹೆಯ ವಿಷಯದಲ್ಲಿ ಇಂತಹ ಸೌಕರ್ಯವಿಲ್ಲ. ನೆಲದಡಿಯಲ್ಲಿ ಹಬ್ಬಿರುವ ಕತ್ತಲೆಯ ಓಣಿಗಳು ಎಷ್ಟು ಉದ್ದವಿವೆ, ಯಾವ ದಿಕ್ಕಿಗೆ ತಿರುಗುತ್ತವೆ ಎಂಬುದನ್ನು ಹೊರಗಿನಿಂದ ತಿಳಿಯುವುದು ಬಹುಮಟ್ಟಿಗೆ ಅಸಾಧ್ಯ. ಯಾರಾದರೊಬ್ಬರು ಒಳಗೆ ತೆವಳಿಕೊಂಡು ಹೋಗಲೇಬೇಕು, ಹೋದವರು ಅಳೆಯಲೇಬೇಕು.

ಈ ಕೆಲಸವನ್ನು ಮಾಡುತ್ತ ಬಂದಿರುವವರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿಯುವವರಲ್ಲ ಎಂಬುದು ಆಶ್ಚರ್ಯದ ಸಂಗತಿ. ವಾರವೆಲ್ಲ ತಮ್ಮ ತಮ್ಮ ಉದ್ಯೋಗಗಳಲ್ಲಿದ್ದು, ರಜೆಯ ದಿನಗಳಲ್ಲಿ ಸ್ವಂತ ಖರ್ಚಿನಿಂದ ಹಗ್ಗ, ದೀಪ, ಗುದ್ದಲಿಗಳನ್ನು ಹೊತ್ತು ಬೆಟ್ಟ ಹತ್ತುವ ಹವ್ಯಾಸಿಗಳು ಇವರು. ಇವರನ್ನು ಹುಚ್ಚರೆಂದು ನಗುವವರಿದ್ದಾರೆ. ಬರಿಯ ಸಾಹಸದ ಚಪಲವೆಂದು ತಳ್ಳಿಹಾಕುವವರೂ ಉಂಟು. ಈ ಎರಡು ಮಾತುಗಳೂ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ನಿದರ್ಶನದಿಂದ ಪರೀಕ್ಷಿಸಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಗ್ವಾಡಲೂಪೆ ಎಂಬ ಬೆಟ್ಟಗಳ ಸಾಲಿದೆ. ಮಳೆ ಕಡಿಮೆ, ಎತ್ತ ನೋಡಿದರೂ ಕಲ್ಲು, ಮುಳ್ಳು. ಪ್ರಸಿದ್ಧವಾದ ಕಾರ್ಲ್ಸ್‌ಬ್ಯಾಡ್ ಗುಹೆಗಳ ರಾಷ್ಟ್ರೀಯ ಉದ್ಯಾನವು ಇರುವುದು ಇಲ್ಲಿಯೇ. ಅದೇ ಉದ್ಯಾನದ ಎಲ್ಲೆಯೊಳಗೆ ಒಂದು ಸಣ್ಣ ಹೊಂಡವಿತ್ತು. ನಮ್ಮ ಕತ್ತಾಳೆಯ ಜಾತಿಗೆ ಸೇರಿದ, ಸೂಜಿಮೊನೆಯ ಎಲೆಗಳುಳ್ಳ ಲೆಚುಗಿಯ ಎಂಬ ಗಿಡದ ಹೆಸರೇ ಅದಕ್ಕೂ ಬಂದಿತ್ತು. ಹೊಂಡದ ಆಳ ಸುಮಾರು 27 ಮೀಟರ್. ತಳದಿಂದ ಮುಂದೆ ಸುಮಾರು 120 ಮೀಟರ್ ಒಣ ದಾರಿ, ಅಲ್ಲಿಗೆ ಮುಗಿಯಿತು. 1914ರಲ್ಲಿ ಕೆಲವರು ಗೊಬ್ಬರಕ್ಕಾಗಿ ಬಾವಲಿಗಳ ಹಿಕ್ಕೆಯನ್ನು ಅಲ್ಲಿಂದ ತೆಗೆದರು. ಅದು ಮುಗಿದ ಮೇಲೆ ಹೊಂಡವನ್ನು ಕೇಳುವವರೇ ಇಲ್ಲವಾಯಿತು.

ಆದರೆ ಅದು ಉಸಿರಾಡುತ್ತಿತ್ತು! 1950ರ ದಶಕದಲ್ಲಿ ಅಲ್ಲಿಗೆ ಇಳಿದ ಹವ್ಯಾಸಿಗಳಿಗೆ, ಕಲ್ಲುರಾಶಿಯಿಂದ ಮುಚ್ಚಿಹೋಗಿದ್ದ ತಳದ ಸಂದುಗಳಿಂದ ಗಾಳಿಯು ಭೋರ್ಗರೆಯುತ್ತ ಮೇಲೆ ಬರುತ್ತಿರುವುದು ಕೇಳಿಸಿತು. ಇದರಲ್ಲಿ ಮಾಯೆಯೇನೂ ಇಲ್ಲ. ಹೊರಗಿನ ವಾಯುಭಾರವು ಇಳಿದಾಗ ಗುಹೆಯೊಳಗಿನ ಗಾಳಿ ಹೊರಕ್ಕೆ ನುಗ್ಗುತ್ತದೆ. ಏರಿದಾಗ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ. ಬಾಗಿಲು ಕಿರಿದಾಗಿದ್ದು ಒಳಗಿನ ಅವಕಾಶವು ಹಿರಿದಾದಷ್ಟೂ ಗಾಳಿಯ ವೇಗ ಹೆಚ್ಚು. 120 ಮೀಟರಿನ ಓಣಿಯೊಂದರಿಂದ ಅಷ್ಟು ಗಾಳಿ ಹೊರಡುವುದು ಸಾಧ್ಯವಿರಲಿಲ್ಲ. ಕಲ್ಲುಗಳ ಕೆಳಗೆ ಬಹು ದೊಡ್ಡದೇನೋ ಇದೆಯೆಂಬುದಕ್ಕೆ ಅವರಿಗಿದ್ದ ಆಧಾರ ಇದೊಂದೇ. ಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿ ಅರ್ಧ ಪುಟ ತುಂಬುವ ವಿಷಯವು ಮುಂದೆ ಹತ್ತಾರು ಜನರ ಜೀವನದ ಗುರಿಯಾಯಿತು.

ಕೊಲರಾಡೋ ರಾಜ್ಯದ ಕೆಲವು ಹವ್ಯಾಸಿಗಳು ಉದ್ಯಾನದ ಅಧಿಕಾರಿಗಳ ಅನುಮತಿಯನ್ನು ಪಡೆದು 1984ರಲ್ಲಿ ಅಗೆಯಲು ತೊಡಗಿದರು. ಅನುಮತಿ ಪಡೆದರು ಎಂಬ ಮಾತನ್ನು ಗಮನಿಸಬೇಕು. ಕದ್ದು ಅಗೆದಿದ್ದರೆ ಕೇಳುವವರು ಯಾರು? ನಿರ್ಜನವಾದ ಬೆಟ್ಟ. ಆದರೂ ಅವರು ಸಾರ್ವಜನಿಕರ ನೆಲವನ್ನು ಸಾರ್ವಜನಿಕರ ಒಪ್ಪಿಗೆಯಿಂದಲೇ ಅಗೆದರು. ಕಲ್ಲು ಮಣ್ಣುಗಳನ್ನು ತೆಗೆಯುವುದು, ತೆಗೆದುದನ್ನು ಬದಿಗೆ ಸಾಗಿಸುವುದು, ಮತ್ತೆ ಕುಸಿಯದಂತೆ ನೋಡಿಕೊಳ್ಳುವುದು - ಬಿಡುವಿನ ದಿನಗಳಲ್ಲಿ ನಡೆದ ಈ ಕೂಲಿಯ ಕೆಲಸದಲ್ಲಿ ಸಾಹಸದ ರೋಮಾಂಚನವೆಂಬುದು ಎಳ್ಳಷ್ಟೂ ಇರಲಿಲ್ಲ. 1986ನೆಯ ಇಸವಿ ಮೇ 26ರಂದು ಕಲ್ಲುರಾಶಿಯು ದಾರಿ ಬಿಟ್ಟಿತು. ಆಚೆಗೆ ಮಾನವನ ಹೆಜ್ಜೆಯನ್ನೇ ಕಾಣದ ನೆಲ.

ಇಲ್ಲಿಂದ ಮುಂದಿನ ನಡವಳಿಕೆಯಲ್ಲಿ ಅವರ ನಿಜವಾದ ಹಿರಿಮೆಯಿದೆ. ಹೊಸ ದಾರಿ ಕಂಡೊಡನೆ ಕೊನೆಯವರೆಗೂ ಓಡಿ ನೋಡಬೇಕೆಂಬ ಆಸೆ ಯಾರಿಗಾದರೂ ಸಹಜ. ಈ ಆಸೆಯನ್ನು ಅದುಮಿಕೊಂಡು, ಹೋದಷ್ಟು ದೂರವನ್ನು ಅಳೆಯುತ್ತಲೇ ಹೋಗಬೇಕೆಂಬುದು ಒಳ್ಳೆಯ ಗುಹಾನ್ವೇಷಕರ ಕಟ್ಟುಪಾಡು. ಸಾಮಾನ್ಯವಾಗಿ ಮೂವರು ಅಥವಾ ನಾಲ್ವರ ತಂಡ. ಒಬ್ಬನು ಅಳತೆಯ ಟೇಪಿನ ತುದಿಯನ್ನು ಹಿಡಿದು ಮುಂದೆ ಹೋಗಿ ಒಂದು ಗುರುತಿನ ಬಳಿ ನಿಲ್ಲುತ್ತಾನೆ. ಹಿಂದಿನ ಗುರುತಿನಲ್ಲಿರುವವನು ದೂರವನ್ನು ಓದುತ್ತಾನೆ. ದಿಕ್ಸೂಚಿಯಿಂದ ದಿಕ್ಕನ್ನೂ, ಇನ್ನೊಂದು ಪುಟ್ಟ ಉಪಕರಣದಿಂದ ಏರಿಳಿತದ ಕೋನವನ್ನೂ ನೋಡುತ್ತಾನೆ. ಮೂರನೆಯವನು ಇವನ್ನೆಲ್ಲ ಬರೆದುಕೊಂಡು, ಓಣಿಯ ಅಗಲ, ಎತ್ತರ, ಬಂಡೆ, ಕೊಳಗಳನ್ನು ಅಳತೆಗೆ ತಕ್ಕಂತೆ ಚಿತ್ರಿಸುತ್ತಾನೆ. ಅನಂತರ ಎಲ್ಲರೂ ಒಂದು ಗುರುತು ಮುಂದೆ. ಬಾಗಿ, ತೆವಳಿ, ಹಗ್ಗದಲ್ಲಿ ತೂಗಾಡುತ್ತ, ಇದೇ ಕೆಲಸ ದಿನಕ್ಕೆ ಹತ್ತಾರು ಸಲ. ಈಗ ಟೇಪಿನ ಜಾಗಕ್ಕೆ ಲೇಸರ್ ಕಿರಣದಿಂದ ದೂರ ತಿಳಿಸುವ ಸಾಧನ ಬಂದಿದೆ. ಚಿತ್ರ ಬರೆಯುವ ಕೈಯ ಶ್ರಮವು ಮಾತ್ರ ತಪ್ಪಿಲ್ಲ.

ದೂರ, ದಿಕ್ಕು, ಓರೆ ಈ ಮೂರು ತಿಳಿದರೆ ಲಂಬಕೋನ ತ್ರಿಭುಜದ ಲೆಕ್ಕದಿಂದ ಪ್ರತಿಯೊಂದು ಗುರುತಿನ ಸ್ಥಾನವನ್ನೂ ಕಂಡುಹಿಡಿಯಬಹುದು. ಎರಡು ಬೇರೆ ದಾರಿಗಳು ಸುತ್ತಿ ಬಂದು ಒಂದೇ ಸ್ಥಳದಲ್ಲಿ ಕೂಡಿದಾಗ ಲೆಕ್ಕವೂ ಅಲ್ಲಿಯೇ ಕೂಡಬೇಕು. ಕೂಡದಿದ್ದರೆ ಎಲ್ಲಿಯೋ ತಪ್ಪಾಗಿದೆ. ತಿರುಗಿ ಹೋಗಿ ಅಳೆಯಬೇಕು. ಯಾರೂ ನೋಡದ ಕತ್ತಲೆಯಲ್ಲಿ ಮಾಡಿದ ಕೆಲಸವನ್ನು ಪರೀಕ್ಷಿಸುವ ಇಂತಹ ನಿಷ್ಠುರ ಪರೀಕ್ಷಕನು ಬೇರೆ ಕ್ಷೇತ್ರಗಳಲ್ಲಿ ಸಿಕ್ಕುವುದು ವಿರಳ. ಹೀಗೆ ತುಂಡು ತುಂಡಾಗಿ ಅಳೆದು ಜೋಡಿಸಿದ ಲೆಚುಗಿಯ ಗುಹೆಯ ಉದ್ದವು ಇಂದು 240 ಕಿಲೋಮೀಟರನ್ನು ಮೀರಿದೆ. ಆಳ ಸುಮಾರು 489 ಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬಹುಪಾಲು ಹಿಂತಿರುಗುವಷ್ಟು ದಾರಿಯನ್ನು ಇಷ್ಟಿಷ್ಟೇ ಅಳೆದರೆಂದರೆ ಆ ಸಹನೆಯನ್ನು ಹುಚ್ಚೆಂದು ಕರೆಯುವುದು ಕಷ್ಟ.

ಆ ನಕ್ಷೆಯಿಂದ ಆದ ಲಾಭವೇನು? ಸಾಮಾನ್ಯವಾಗಿ ಸುಣ್ಣಕಲ್ಲಿನ ಗುಹೆಗಳನ್ನು ಕೊರೆಯುವುದು ಮೇಲಿನಿಂದ ಇಳಿಯುವ ಮಳೆಯ ನೀರು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾದ ನೀರು ಕಲ್ಲನ್ನು ಕರಗಿಸುತ್ತದೆ. ಲೆಚುಗಿಯ ಹುಟ್ಟಿದ್ದು ಕೆಳಗಿನಿಂದ. ತೈಲ ಮತ್ತು ಅನಿಲದ ನಿಕ್ಷೇಪಗಳಿಂದ ಮೇಲೆ ಬಂದ ಹೈಡ್ರೊಜನ್ ಸಲ್ಫೈಡ್, ಆಮ್ಲಜನಕವುಳ್ಳ ಅಂತರ್ಜಲವನ್ನು ಸೇರಿ ಗಂಧಕಾಮ್ಲವಾಯಿತು. ಆ ತೀಕ್ಷ್ಣವಾದ ಆಮ್ಲವು ಸುಣ್ಣಕಲ್ಲನ್ನು ತಿಂದು ಹಾಕಿ ಜಿಪ್ಸಮನ್ನು ಉಳಿಸಿತು. ಒಂದು ವಿಶಾಲವಾದ ಕೋಣೆಯ ಚಾವಣಿಯಿಂದ ಆರು ಮೀಟರಿನಷ್ಟು ಉದ್ದದ ಬಿಳಿಯ ಜಿಪ್ಸಂ ಗೊಂಚಲುಗಳು ಜೋತುಬಿದ್ದಿವೆ. ಇದಕ್ಕಿಂತಲೂ ಮಿಗಿಲಾದುದು ಕಣ್ಣಿಗೆ ಕಾಣದ ಸಂಪತ್ತು. ನಾಲ್ಕು ದಶಲಕ್ಷ ವರ್ಷಗಳಿಗೂ ಹೆಚ್ಚು ಕಾಲ ಹೊರ ಜಗತ್ತಿನ ಸಂಪರ್ಕವಿಲ್ಲದೆ ಉಳಿದ ಬ್ಯಾಕ್ಟೀರಿಯಗಳನ್ನು ಅಲ್ಲಿಂದ ತಂದು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳಲ್ಲಿ ಕೆಲವು 14 ಬಗೆಯ ಪ್ರತಿಜೀವಕ ಔಷಧಗಳಿಗೂ ಜಗ್ಗುವುದಿಲ್ಲವೆಂದು 2012ರಲ್ಲಿ ಪ್ರಕಟಿಸಿದರು. ಮನುಷ್ಯನ ಔಷಧವನ್ನು ಎಂದೂ ಕಾಣದ ಜೀವಿಗಳಿಗೆ ಆ ಶಕ್ತಿಯಿರುವುದರಿಂದ, ಅದು ಪ್ರಕೃತಿಯಲ್ಲಿ ಬಹು ಪುರಾತನವಾದುದೆಂದು ಸಿದ್ಧಪಟ್ಟಿತು. ದಾರಿ ತೋರುವ ನಕ್ಷೆಯಿಲ್ಲದೆ ಅಂತಹ ಸಂಶೋಧನೆ ನಡೆಯುತ್ತಿರಲಿಲ್ಲ.

ಇನ್ನು ಒಂದು ಆಕ್ಷೇಪವುಂಟು. ಲೆಚುಗಿಯದ ಬಾಗಿಲು ಸಾರ್ವಜನಿಕರಿಗೆ ತೆರೆದಿಲ್ಲ. ಸಂಶೋಧನೆ, ಮೋಜಣಿ, ಸಂರಕ್ಷಣೆ ಇವುಗಳಿಗಾಗಿ ಅನುಮತಿ ಪಡೆದ ಕೆಲವರು ಮಾತ್ರ ಹೋಗಬಹುದು. ರಾಷ್ಟ್ರದ ಸೊತ್ತಾದ ಗುಹೆಯನ್ನು ರಾಷ್ಟ್ರದ ಜನರಿಗೇ ಮುಚ್ಚುವುದು ನ್ಯಾಯವೇ? ಕೆಲವೇ ಹವ್ಯಾಸಿಗಳು ಅನುಭವಿಸುವ ಆನಂದವು ಉಳಿದವರಿಗೇಕೆ ಇಲ್ಲ? ಪ್ರಶ್ನೆಯು ಹಗುರವಾದುದಲ್ಲ. ಇದಕ್ಕೆ ಉತ್ತರವಾಗಿ ಅದೇ ಉದ್ಯಾನದ ಕಾರ್ಲ್ಸ್‌ಬ್ಯಾಡ್ ಗುಹೆಯನ್ನು ತೋರಿಸಬಹುದು. ಅದು ಎಲ್ಲರಿಗೂ ತೆರೆದಿದೆ. ದೀಪಗಳಿವೆ, ಕಾಲುದಾರಿಯಿದೆ, ಇಳಿಯಲು ಲಿಫ್ಟ್ ಇದೆ. ಒಂದನ್ನು ಎಲ್ಲರಿಗೂ ತೆರೆದು ಇನ್ನೊಂದನ್ನು ಕಾಯ್ದಿರಿಸುವುದು ಅನ್ಯಾಯವಲ್ಲ. ಮನುಷ್ಯನು ಎಷ್ಟೇ ಎಚ್ಚರದಿಂದ ನಡೆದರೂ ಅವನ ಚರ್ಮದ ಹೊಟ್ಟು, ಕೂದಲು, ಬಟ್ಟೆಯ ಎಳೆ ಉದುರುತ್ತಲೇ ಇರುತ್ತವೆ. ಮಳೆ ಗಾಳಿಗಳಿಲ್ಲದ ಆ ಸ್ಥಳದಲ್ಲಿ ಅವನ್ನು ತೊಳೆಯುವವರಿಲ್ಲ. ಒಂದು ಕೆಸರು ಹೆಜ್ಜೆಯ ಗುರುತು ಹಲವು ತಲೆಮಾರು ಉಳಿದೀತು.

ಹಾಗಾದರೆ ಹವ್ಯಾಸಿಗಳಿಂದಲೂ ಗುಹೆಗೆ ಹಾನಿಯಾಗದೆ? ಆಗುತ್ತದೆ, ಅವರೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಆದ್ದರಿಂದ ಬಣ್ಣದ ಪಟ್ಟಿ ಕಟ್ಟಿದ ದಾರಿಯನ್ನು ಅವರು ಬಿಟ್ಟು ನಡೆಯುವುದಿಲ್ಲ. ಅತಿ ಶುಭ್ರವಾದ ಭಾಗಗಳನ್ನು ಹೊಗುವ ಮುನ್ನ ಕೆಸರಾದ ಬೂಟುಗಳನ್ನು ಕಳಚುತ್ತಾರೆ. ಒಮ್ಮೆ ಇಳಿದರೆ ವಾರಗಟ್ಟಲೆ ಒಳಗೇ ಬಿಡಾರ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೀರಾವಿ ತುಂಬಿದ ಗಾಳಿ. ಹಿಂತಿರುಗುವಾಗ ತಮ್ಮ ಮಲವನ್ನೂ ಚೀಲದಲ್ಲಿ ಕಟ್ಟಿ ಹೊತ್ತು ತರುತ್ತಾರೆ. ಇದು ಹೇಸಿಗೆಯ ಮಾತೆಂದು ಮೂಗು ಮುರಿಯಬೇಕಾಗಿಲ್ಲ. ನಮ್ಮ ಬೆಟ್ಟ, ಜಲಪಾತಗಳ ಬಳಿ ವಿಹಾರಕ್ಕೆ ಹೋಗುವವರು ಬಿಟ್ಟು ಬರುವ ರಾಶಿಯನ್ನು ಕಂಡವರಿಗೆ ಯಾವುದು ಹೇಸಿಗೆಯೆಂಬುದು ತಿಳಿದೇ ಇದೆ.

ಅಪಾಯದ ಮಾತನ್ನೂ ಮರೆಮಾಚಬಾರದು. 1991ರಲ್ಲಿ ಲೆಚುಗಿಯದ ಆಳದಲ್ಲಿ ಮೋಜಣಿ ನಡೆಯುತ್ತಿದ್ದಾಗ ಅನುಭವಿಯಾದ ಮಹಿಳೆಯೊಬ್ಬರ ಕಾಲಿನ ಮೇಲೆ ಬಂಡೆ ಉರುಳಿ ಮೂಳೆ ಮುರಿಯಿತು. ಅವರನ್ನು ಮೇಲೆ ತರಲು ನಾಲ್ಕು ದಿನ ಹಿಡಿಯಿತು; ನೂರಕ್ಕೂ ಹೆಚ್ಚು ಮಂದಿ ಶ್ರಮಿಸಿದರು. ಹವ್ಯಾಸಕ್ಕಾಗಿ ಪರರ ಜೀವವನ್ನು ಅಪಾಯಕ್ಕೆ ಒಡ್ಡಬಹುದೇ ಎಂದು ಕೇಳುವವರಿಗೆ ಹೇಳಬೇಕಾದುದಿಷ್ಟು: ಸ್ಟ್ರೆಚರನ್ನು ಕೈಯಿಂದ ಕೈಗೆ ಸಾಗಿಸಿದವರಲ್ಲಿ ಬಹುಪಾಲು ಇದೇ ಬಳಗದ ಹವ್ಯಾಸಿಗಳು.

ಇದು ದೂರದ ದೇಶದ ಕಥೆಯೆಂದು ಕೈಬಿಡುವಂತಿಲ್ಲ. ನಮ್ಮ ಮೇಘಾಲಯದಲ್ಲಿ 1992ರಿಂದ ದೇಶವಿದೇಶಗಳ ಹವ್ಯಾಸಿಗಳು ಕೂಡಿ ನೂರಾರು ಗುಹೆಗಳನ್ನು ಅಳೆದಿದ್ದಾರೆ. ಅವುಗಳಲ್ಲಿ ಕ್ರೇಮ್ ಲಿಯತ್ ಪ್ರಾಹ್ ಎಂಬುದು 30 ಕಿಲೋಮೀಟರಿಗೂ ಉದ್ದ. ಚಿರಾಪುಂಜಿಯ ಬಳಿಯ ಮಾಮ್ಲುಹ್ ಗುಹೆಯಲ್ಲಿ, ಹನಿ ಬಿದ್ದು ಬಿದ್ದು ನೆಲದಿಂದ ಬೆಳೆದ ಸುಣ್ಣದ ಕಂಬವೊಂದರ ಪದರಗಳನ್ನು ಓದಿ, ಸುಮಾರು 4,200 ವರ್ಷಗಳ ಹಿಂದಿನ ಬರಗಾಲದಿಂದ ಇಂದಿನವರೆಗಿನ ಅವಧಿಗೆ ಭೂವಿಜ್ಞಾನಿಗಳು 2018ರಲ್ಲಿ ಮೇಘಾಲಯನ್ ಯುಗವೆಂದೇ ಹೆಸರಿಟ್ಟರು. ಅದೇ ಬೆಟ್ಟಗಳ ಸುಣ್ಣಕಲ್ಲು ಸಿಮೆಂಟಿಗೂ ಬೇಕು. ಸಿಮೆಂಟು ಬೇಡವೆನ್ನುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಎಲ್ಲಿ ಕಲ್ಲು ಒಡೆದರೆ ಯಾವ ಗುಹೆ ಕುಸಿಯುತ್ತದೆ, ಯಾವ ತೊರೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕಷ್ಟೆ. ನಕ್ಷೆಯಲ್ಲಿ ಇಲ್ಲದ ಗುಹೆಯ ಪರವಾಗಿ ಯಾವ ನ್ಯಾಯಾಲಯದಲ್ಲಿಯೂ ವಾದಿಸಲಾಗದು. ಲೆಚುಗಿಯದ ವಿಷಯದಲ್ಲಿ ಆ ಕಷ್ಟ ಬರಲಿಲ್ಲ. ಸುತ್ತಲಿನ ನೆಲದಲ್ಲಿ ತೈಲ ಮತ್ತು ಅನಿಲಕ್ಕಾಗಿ ಹೊಸ ಗುತ್ತಿಗೆ ಕೊಡಕೂಡದೆಂದು ಅಮೆರಿಕದ ಶಾಸನ ಸಭೆಯು 1993ರಲ್ಲಿ ಕಾನೂನು ಮಾಡುವ ಹೊತ್ತಿಗೆ, ಅಗೆದವರು ಏಳು ವರ್ಷ ಅಳೆದ ಅಳತೆಗಳು ಕಾಗದದ ಮೇಲಿದ್ದವು.

ಅಳತೆ ಇನ್ನೂ ಮುಗಿದಿಲ್ಲ. ಓಣಿಯು ಮುಂದುವರಿಯುತ್ತಿದ್ದರೂ ಯಾರೂ ಹೋಗಿ ನೋಡದ ಕಡೆಗಳಲ್ಲಿ ಪ್ರಶ್ನೆಯ ಚಿಹ್ನೆಯನ್ನು ಹಾಕುವುದು ಗುಹಾನಕ್ಷೆಯ ವಾಡಿಕೆ. ಅನುಮತಿ ಪಡೆದ ತಂಡಗಳು ಆಗಾಗ ಇಳಿದು, ಅವುಗಳಲ್ಲಿ ಕೆಲವನ್ನು ಅಳಿಸಿ, ಹೊಸ ಕೆಲವನ್ನು ಬರೆದು ಬರುತ್ತವೆ.