ಪೆಟ್ಟಿಗೆ ಬಂತು, ಮಾತು ಬರಲಿಲ್ಲ

ನಮ್ಮ ಜಿಲ್ಲೆಯ ಒಂದು ಹಳ್ಳಿಯ ಕನ್ನಡ ವಾಚನಾಲಯಕ್ಕೆ ಇತ್ತೀಚೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ಹೆಸರಿಸಿದರೆ ದೂರಿದಂತಾದೀತು, ದೂರುವುದು ನಮ್ಮ ಉದ್ದೇಶವಲ್ಲ. ಊರವರು ಹಣ ಕೂಡಿಸಿ ಒಂದು ಜೊತೆ ಆ್ಯಕ್ಟಿವ್ ಸ್ಪೀಕರ್ ತರಿಸಿದ್ದರು. ತಿಂಗಳಿಗೊಮ್ಮೆ ಹಳೆಯ ತಾಳಮದ್ದಳೆಗಳ ಧ್ವನಿಮುದ್ರಣ ಹಾಕಿ ಎಲ್ಲರೂ ಕೂಡಿ ಕೇಳಬೇಕು, ಮಕ್ಕಳನ್ನೂ ಕರೆತರಬೇಕು ಎಂಬುದು ಅವರ ಆಶಯ. ಅಂದು ಹಾಕಿದ್ದು ಒಂದೇ ಮೈಕಿನಲ್ಲಿ ಹಿಡಿದ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಪ್ರಸಂಗ. ಮದ್ದಳೆ ಎದೆಗೇ ಬಡಿದಂತಾಯಿತು. ಭಾಗವತರ ಸ್ವರ ಕೋಣೆ ತುಂಬಿತು. ಅರ್ಥ ಸುರುವಾಯಿತು ನೋಡಿ, ಅಲ್ಲಿಗೆ ಕೆಟ್ಟಿತು. ಮಾತಿನ ಮೇಲೆ ಮಾತು ಬಿದ್ದು, ಹಂಡೆಯೊಳಗೆ ಯಾರೋ ಮಾತಾಡಿದ ಹಾಗೆ ಗುಂಯ್‌ಗುಟ್ಟುವ ಸದ್ದು ಮಾತ್ರ ಉಳಿಯಿತು. ನಮ್ಮ ಪಕ್ಕದಲ್ಲಿದ್ದ ಪುಟ್ಟ ಹುಡುಗಿ, "ಅಜ್ಜಾ, ಅವರು ಎಂತ ಹೇಳುವುದು?" ಎಂದು ಕೇಳಿದಳು. "ಸುಮ್ಮನೆ ಕೂತುಕೋ, ಈಗ ಗೊತ್ತಾಗ್ತದೆ" ಎಂದರು ಅಜ್ಜ. ಅರ್ಧ ಗಂಟೆ ಕಳೆದರೂ ಗೊತ್ತಾಗಲಿಲ್ಲ. ಅಜ್ಜನಿಗೂ ಗೊತ್ತಾಗುತ್ತಿಲ್ಲವೆಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಅಂಗಳಕ್ಕೆ ಹೋದರು.

ಕೊನೆಯಲ್ಲಿ ಸಮಿತಿಯವರೊಬ್ಬರು ನಮ್ಮ ಬಳಿ ಬಂದು, "ಇದಕ್ಕಿಂತ ದೊಡ್ಡದು ತರಬೇಕಿತ್ತು" ಎಂದರು. ಈ ಒಂದು ಮಾತಿಗಾಗಿಯೇ ನಾವು ಇಷ್ಟು ಬರೆಯಲು ಕುಳಿತದ್ದು. ದೊಡ್ಡದು ತಂದಿದ್ದರೆ ಇನ್ನೂ ಕೆಡುತ್ತಿತ್ತು. ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಅದನ್ನು ಇಟ್ಟ ಜಾಗ ಸರಿಯಿರಲಿಲ್ಲ, ಇಟ್ಟ ಕೋಣೆಗೆ ಅದನ್ನು ಹೊಂದಿಸಿರಲಿಲ್ಲ. ನಮ್ಮ ಸಂಘಗಳೂ ಸಮಿತಿಗಳೂ ಪೆಟ್ಟಿಗೆಗೆ ಹಣ ಕೊಡುತ್ತವೆ. ಕೋಣೆಗೆ ಒಂದು ಪರದೆ ಕೊಡುವುದಿಲ್ಲ, ಅಳತೆಗೆ ಒಂದು ಮಧ್ಯಾಹ್ನ ಕೊಡುವುದಿಲ್ಲ.

ಸಂಗೀತವಾದರೆ ಸ್ವಲ್ಪ ಗುಂಯ್‌ಗುಟ್ಟಿದರೂ ನಡೆದೀತು. ತಾಳಮದ್ದಳೆಗೆ ಹಾಗಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದು ಮಾತೊಂದೇ. ಆ ಮಾತನ್ನೂ ಯಾರೂ ಬರೆದಿಟ್ಟಿರುವುದಿಲ್ಲ. ಪದ್ಯ ಪುಸ್ತಕದಲ್ಲಿದ್ದರೂ ಅರ್ಥ ಆ ರಾತ್ರಿ ಆ ಅರ್ಥಧಾರಿಯ ಬಾಯಲ್ಲಿ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಒಂದು ರಾತ್ರಿ ಕಟ್ಟಿದ ವಾದ ನಮಗೆ ಮತ್ತೆ ಸಿಗಬೇಕಾದರೆ ಅದರ ಧ್ವನಿಮುದ್ರಣವೇ ಗತಿ. ಇನ್ನು ನಮ್ಮ ಮಕ್ಕಳ ವಿಷಯ. ಪೇಟೆಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಅವರ ಕಿವಿಗೆ ಬೀಳುವುದು ಮಲೆಯಾಳ. ಅದರಲ್ಲಿ ತಪ್ಪೇನಿಲ್ಲ, ಅದು ಅವರ ನೆರೆಹೊರೆಯ ಭಾಷೆ. ಆದರೆ ಎರಡು ಗಂಟೆ ಎಡೆಬಿಡದೆ, ತರ್ಕಬದ್ಧವಾಗಿ, ತುಂಬುಗನ್ನಡದಲ್ಲಿ ಒಬ್ಬರು ಮಾತಾಡುವುದನ್ನು ಕೇಳುವ ಅವಕಾಶ ಅವರಿಗೆ ಬೇರೆಲ್ಲಿದೆ? ಆ ಕೋಣೆಯಿಂದ ಮಗು ಎದ್ದು ಹೋದರೆ ತಪ್ಪು ಮಗುವಿನದಲ್ಲ.

ಮೊದಲಿಗೆ ಆ್ಯಕ್ಟಿವ್ ಸ್ಪೀಕರ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ಹಿಂದಿನ ಪದ್ಧತಿಯಲ್ಲಿ ಆಂಪ್ಲಿಫೈಯರ್ ಬೇರೆ, ಪೆಟ್ಟಿಗೆ ಬೇರೆ. ಆ್ಯಕ್ಟಿವ್‌ನಲ್ಲಿ ಪೆಟ್ಟಿಗೆಯೊಳಗಿನ ತಗ್ಗು ದನಿಯ ದೊಡ್ಡ ಕೋನಿಗೊಂದು, ಏರು ದನಿಯ ಚಿಕ್ಕದಕ್ಕೊಂದು ಎಂದು ಬೇರೆ ಬೇರೆ ಆಂಪ್ಲಿಫೈಯರುಗಳು ಒಳಗೇ ಇರುತ್ತವೆ. ದನಿ ಅವುಗಳಿಗೆ ಹೋಗುವ ಮೊದಲೇ ಎರಡಾಗಿ ಹಂಚಿಹೋಗುತ್ತದೆ. ರೇಡಿಯೋ ಸ್ಟುಡಿಯೋಗಳಿಗಾಗಿ ಇಂಥವನ್ನು ಮಾಡಲೆಂದೇ 1978ರಲ್ಲಿ ಫಿನ್‌ಲೆಂಡಿನ ಈಸಲ್ಮಿ ಪಟ್ಟಣದಲ್ಲಿ ಜೆನೆಲೆಕ್ ಕಂಪೆನಿ ಆರಂಭವಾಯಿತು. ಈಗ ಇವು ಸಾಮಾನ್ಯರ ಕೈಗೂ ಬಂದಿವೆ. ಹಲವು ಪೆಟ್ಟಿಗೆಗಳ ಬೆನ್ನಿನಲ್ಲಿ ಕೋಣೆಗೆ ತಕ್ಕಂತೆ ದನಿ ತಿದ್ದುವ ಚಿಕ್ಕ ಸ್ವಿಚ್ಚುಗಳಿರುತ್ತವೆ. ಅಂದು ಆ ವಾಚನಾಲಯದಲ್ಲಿ ಅವು ಕಾರ್ಖಾನೆಯಿಂದ ಬಂದಂತೆಯೇ ಇದ್ದವು, ಮುಟ್ಟಿದವರಿಲ್ಲ.

ಕೋಣೆ ಮಾತನ್ನು ಹೇಗೆ ನುಂಗುತ್ತದೆ ಎಂಬುದು ಹೊಸ ಪ್ರಶ್ನೆಯಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಯುವ ಅಧ್ಯಾಪಕರ ಪಾಲಿಗೆ ಬಂತು. ಅಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗಾಳಿಯಲ್ಲೇ ನಿಂತಿರುತ್ತಿತ್ತು. ಅಷ್ಟರಲ್ಲಿ ಮಾತಾಡುವವನು ಇನ್ನೂ ಹತ್ತು ಹನ್ನೆರಡು ಶಬ್ದ ಆಡಿ ಮುಗಿಸಿರುತ್ತಾನೆ. ಸಬೀನ್ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಒಂದೊಂದಾಗಿ ಹಾಸಿ, ದನಿ ಎಷ್ಟು ಬೇಗ ಅಡಗುತ್ತದೆಂದು ಅಳೆದು, ಬೆಳಗಾಗುವುದರೊಳಗೆ ತಿರುಗಿ ಇಟ್ಟುಬರುತ್ತಿದ್ದರಂತೆ. ಈ ದುಡಿಮೆಯಿಂದ ಒಂದು ಸರಳ ಲೆಕ್ಕ ಹೊರಬಂತು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಅಲ್ಲಿ ದನಿ ಹೀರುವ ವಸ್ತುಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ, ದನಿ ಅಡಗಲು ಬೇಕಾಗುವ ಸೆಕೆಂಡು ಸಿಗುತ್ತದೆ. ಹೀರುವಿಕೆಗೆ ಅವರು ಹಿಡಿದ ಮಾನ ತೆರೆದ ಕಿಟಕಿ. ಹೊರಗೆ ಹೋದ ದನಿ ತಿರುಗಿ ಬರುವುದಿಲ್ಲವಲ್ಲ!

ಈ ಲೆಕ್ಕವನ್ನು ನಮ್ಮ ವಾಚನಾಲಯಕ್ಕೆ ಹಾಕಿ ನೋಡಿದೆವು. ಕೋಣೆ 6 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಅಂದರೆ 72 ಘನ ಮೀಟರ್. ಮೇಲೆ ಕಾಂಕ್ರೀಟು, ಕೆಳಗೆ ನುಣುಪು ಟೈಲ್ಸ್, ಸುತ್ತ ಸಿಮೆಂಟಿನ ಗೋಡೆ. ಇವು ಬಿದ್ದ ದನಿಯಲ್ಲಿ ನೂರಕ್ಕೆ ಎರಡು ಮೂರು ಪಾಲು ಹೀರಿದರೆ ಹೆಚ್ಚು. ಬಾಗಿಲು ಕಿಟಕಿ ಹಾಕಿದ ಖಾಲಿ ಕೋಣೆಯಲ್ಲಿ ಮೂರೂವರೆ ಸೆಕೆಂಡು ಬಂತು. ಎರಡು ಕಿಟಕಿ ಪೂರ್ತಿ ತೆರೆದರೆ ಒಂದೂಮುಕ್ಕಾಲಿಗೆ ಇಳಿಯುತ್ತದೆ. ಅದರ ಮೇಲೆ ಇಪ್ಪತ್ತು ಜನ ಕೂತರೆ ಸುಮಾರು ಮುಕ್ಕಾಲು ಸೆಕೆಂಡು, ಯಾಕೆಂದರೆ ಬಟ್ಟೆ ತೊಟ್ಟ ಮನುಷ್ಯನೂ ಒಳ್ಳೆಯ ಹೀರುಕ. ಮಾತು ಸ್ಪಷ್ಟವಾಗಿ ಕೇಳಲು ಇಂಥ ಚಿಕ್ಕ ಕೋಣೆಯಲ್ಲಿ ಅರ್ಧ ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಆಟಿ ತಿಂಗಳ ಮಳೆಗೆ ಕಿಟಕಿ ಮುಚ್ಚಿ, ಹತ್ತೇ ಮಂದಿ ಕುಳಿತರೆ ಏನಾದೀತೆಂದು ಓದುಗರೇ ಊಹಿಸಿಕೊಳ್ಳಬಹುದು.

"ಹಿಂದೆ ಮೈಕೇ ಇಲ್ಲದೆ ಮನೆ ಚಾವಡಿಯಲ್ಲಿ ಬೆಳಗಿನವರೆಗೆ ಕೇಳುತ್ತಿದ್ದೆವಲ್ಲ" ಎಂದು ಹಿರಿಯರು ಹೇಳುವುದುಂಟು. ನಿಜವೇ. ಆದರೆ ಆ ಚಾವಡಿಗೆ ಒಂದು ಬದಿ ಗೋಡೆಯೇ ಇರಲಿಲ್ಲ. ಹಂಚಿನ ಮಾಡಿನ ಸಂದಿಯಿಂದ ದನಿ ಹೊರಗೆ ಹೋಗುತ್ತಿತ್ತು. ನೆಲದಲ್ಲಿ ಚಾಪೆ, ಚಾಪೆಯ ಮೇಲೆ ಒತ್ತೊತ್ತಾಗಿ ಜನ, ಮೂಲೆಯಲ್ಲಿ ಅಡಿಕೆ ಗೋಣಿ. ನಮ್ಮ ಹಿರಿಯರು ಸಬೀನರ ಲೆಕ್ಕ ಓದಿದವರಲ್ಲ, ಆದರೂ ಅವರು ಕೂತದ್ದು ಮಾತಿಗೆ ಒಪ್ಪುವ ಜಾಗದಲ್ಲಿ. ನಾವು ಟೈಲ್ಸು ಹಾಕಿಸಿ, ಗಾಜಿನ ಕಿಟಕಿ ಇಡಿಸಿ, ಅದನ್ನು ಕೆಡಿಸಿಕೊಂಡೆವು.

ಕನ್ನಡಕ್ಕೆ ಈ ಗುಂಯ್‌ಗುಡುವಿಕೆ ಇನ್ನಷ್ಟು ಹಾನಿ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. 'ಕತೆ'ಗೂ 'ಕತ್ತೆ'ಗೂ ಏನು ವ್ಯತ್ಯಾಸ? ನಡುವೆ ನಾಲಗೆ ಒಂದು ಕ್ಷಣ ತಡೆದು ನಿಲ್ಲುವ ಮೌನ, ಅಷ್ಟೆ. ಹಿಂದಿನ ಅಕ್ಷರದ ಬಾಲ ಆ ಮೌನವನ್ನು ತುಂಬಿಬಿಟ್ಟರೆ ಕತೆ ಯಾವುದು, ಕತ್ತೆ ಯಾವುದು? ಸ್ವರಾಕ್ಷರಗಳ ಬಲವೆಲ್ಲ ತಗ್ಗು ದನಿಯಲ್ಲಿದೆ. ತ, ಸ, ಚ, ಕಗಳನ್ನು ಬೇರ್ಪಡಿಸುವ ಸೂಕ್ಷ್ಮ ಸಾವಿರ ಎರಡು ಸಾವಿರ ಹರ್ಟ್ಸಿಗೂ ಮೇಲೆ, ಬಹಳ ದುರ್ಬಲವಾಗಿ ಇರುತ್ತದೆ. ವಯಸ್ಸಾದ ಕಿವಿಗೆ ಮೊದಲು ತಪ್ಪುವುದೂ ಅದೇ ಭಾಗ. ಕೇಳುವುದಿಲ್ಲವೆಂದು ಸ್ವರ ಏರಿಸಿದರೆ ಮಾತಿನಷ್ಟೇ ಅದರ ಪ್ರತಿಧ್ವನಿಯೂ ಏರುತ್ತದೆ. ಗದ್ದಲ ಹೆಚ್ಚುತ್ತದೆ, ತಿಳಿವು ಹೆಚ್ಚುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಆ ಪೆಟ್ಟಿಗೆಗಳನ್ನು ಮಕ್ಕಳ ಕೈಗೆ ಎಟುಕದಿರಲೆಂದು ಎರಡು ಮೂಲೆಗಳಲ್ಲಿ, ಮಾಡಿಗೆ ತಾಗುವಷ್ಟು ಎತ್ತರದ ಹಲಗೆಯ ಮೇಲೆ ಇಟ್ಟಿದ್ದರು. ಕೋಣೆಯಲ್ಲಿ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಒಂದು ಗೋಡೆಗೆ ಹತ್ತಿರವಿಟ್ಟರೆ ತಗ್ಗು ದನಿ 6 ಡೆಸಿಬಲ್‌ವರೆಗೆ ಉಬ್ಬುತ್ತದೆ. ಎರಡು ಗೋಡೆ ಮತ್ತು ಮಾಡು ಕೂಡುವ ಮೂಲೆಯಲ್ಲಿ ಮೂರು ಪಟ್ಟು ಉಬ್ಬು. ಚಿಕ್ಕ ಕೋನಿನ ಏರು ದನಿ ಟಾರ್ಚಿನ ಬೆಳಕಿನಂತೆ ನೇರ ಹೋಗುವಂಥದು. ಅದು ಜನರ ತಲೆಯ ಮೇಲಿಂದ ಹಾದು ಹಿಂದಿನ ಗೋಡೆಗೆ ಬಡಿಯುತ್ತಿತ್ತು. ಕೆಳಗಿಳಿಸಿ, ಚಿಕ್ಕ ಕೋನು ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 1.2 ಮೀಟರಿಗೆ ಬರುವಂತೆ ಸ್ಟ್ಯಾಂಡಿನ ಮೇಲೆ ಇಟ್ಟು, ಕೇಳುವವರ ಕಡೆಗೆ ತಿರುಗಿಸಬೇಕು.

ಗೋಡೆಯಿಂದ ಎಷ್ಟು ದೂರ? ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ಗೋಡೆಗೆ ಬಡಿದು ಬರುವ ದನಿ ನೇರ ದನಿಯನ್ನು ಒಂದು ಜಾಗದಲ್ಲಿ ಕೊಂದು ಹಾಕುತ್ತದೆ. ಪೆಟ್ಟಿಗೆಯ ಮುಖ ಗೋಡೆಯಿಂದ 1 ಮೀಟರ್ ಇದ್ದರೆ 87 ಹರ್ಟ್ಸಿನಲ್ಲಿ, ಅರ್ಧ ಮೀಟರ್ ಇದ್ದರೆ 174ರಲ್ಲಿ. ಗಂಡುದನಿಯ ಬುಡ ಇರುವುದೇ ಅಲ್ಲಿ. ಚಿಕ್ಕ ಕೋಣೆಯಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಒತ್ತಿಯೇ ಇಟ್ಟು, ಬೆನ್ನಿನ ಸ್ವಿಚ್ಚಿನಿಂದ ತಗ್ಗು ದನಿಯನ್ನು ನಾಲ್ಕೋ ಆರೋ ಡೆಸಿಬಲ್ ಇಳಿಸುವುದೇ ವಾಸಿ. ಇನ್ನೊಂದು ಮಾತು: ಒಂದೇ ಮೈಕಿನ ಹಳೆಯ ಮುದ್ರಣಕ್ಕೆ ಎರಡು ಪೆಟ್ಟಿಗೆ ಬೇಕೆಂದೇ ಇಲ್ಲ. ಬದಿಯಲ್ಲಿ ಕೂತವರಿಗೆ ಒಂದರ ದನಿ ಮೊದಲು, ಇನ್ನೊಂದರದ್ದು ತಡವಾಗಿ (ಮೀಟರಿಗೆ ಸುಮಾರು 3 ಮಿಲಿಸೆಕೆಂಡು) ಬಂದು ಕಲಸುತ್ತದೆ. ಎದುರು ನಡುವೆ ಒಂದನ್ನೇ ಇಟ್ಟು, ಜನರನ್ನು ಹತ್ತಿರ ಕೂರಿಸಿ ನೋಡಲಿ. ಕೊಂಡ ಎರಡನೆಯದು ವ್ಯರ್ಥವಾಯಿತೆಂದು ಖಜಾಂಚಿಯವರು ಬೇಸರಿಸಬಾರದು, ಸಂಗೀತಕ್ಕೆ ಆದೀತು.

ಕೋಣೆಯ ಆಕಾರವೂ ನಮಗೆ ಒಲಿದಿಲ್ಲ. 6, 4, 3 ಮೀಟರ್ ಎಂಬ ಅಳತೆ ಕಿವಿಗೆ ಶಾಪ. ಎದುರುಬದುರು ಗೋಡೆಗಳ ನಡುವೆ ಕೆಲವು ದನಿಗಳು ನಿಂತುಬಿಡುತ್ತವೆ. ಉದ್ದದ ಮೂರನೆಯದೂ ಅಗಲದ ಎರಡನೆಯದೂ ಒಂದೇ 87 ಹರ್ಟ್ಸಿನಲ್ಲಿ, ಉದ್ದದ ನಾಲ್ಕನೆಯದೂ ಎತ್ತರದ ಎರಡನೆಯದೂ ಒಂದೇ 116ರಲ್ಲಿ ಬಂದು ಕೂಡುತ್ತವೆ. ಅರ್ಥಧಾರಿ ಸ್ವರ ತಗ್ಗಿಸಿದಾಗೆಲ್ಲ ಕೋಣೆ ತಾನೂ ಹೂಂಗುಟ್ಟುವುದು ಇದರಿಂದ. ಹೊಸ ಕಟ್ಟಡದ ನಕ್ಷೆ ಕೈಯಲ್ಲಿರುವ ಸಂಘದವರು ಇದನ್ನು ಈಗಲೇ ನೋಡಿಕೊಳ್ಳಲಿ.

ಇಷ್ಟಾದ ಮೇಲೆ ಅಳತೆ. ಅಳೆಯುವ ಮೈಕ್ ಒಂದು, ಲ್ಯಾಪ್‌ಟಾಪ್ ಒಂದು, ಹಣ ಕೊಡದೆ ಸಿಗುವ 'ರೂಮ್ ಇಕ್ಯೂ ವಿಝಾರ್ಡ್' ಎಂಬ ತಂತ್ರಾಂಶ ಸಾಕು. ಪೆಟ್ಟಿಗೆಯಿಂದ ತಗ್ಗಿನಿಂದ ಏರಿನವರೆಗೆ ಒಂದು ಸಿಳ್ಳೆ ಹೊರಡಿಸಿದರೆ ಕೋಣೆ ಎಲ್ಲಿ ಉಬ್ಬಿಸುತ್ತದೆ, ಎಲ್ಲಿ ನುಂಗುತ್ತದೆ ಎಂಬ ಗೆರೆ ಪರದೆಯ ಮೇಲೆ ಬರುತ್ತದೆ. ಒಂದೇ ಕುರ್ಚಿಯಲ್ಲಿ ಅಳೆದು ತೃಪ್ತಿಪಡಬಾರದು. ಆರೇಳು ಕಡೆ ಅಳೆದು ಸರಾಸರಿ ಹಿಡಿಯಬೇಕು. ಉಬ್ಬಿದ್ದನ್ನು ತಗ್ಗಿಸಬಹುದು. ತಗ್ಗನ್ನು ಮಾತ್ರ ತುಂಬಲು ಹೋಗಬಾರದು: 10 ಡೆಸಿಬಲ್ ತುಂಬಲು ಹತ್ತು ಪಟ್ಟು ಶಕ್ತಿ ಬೇಕು, ಅದನ್ನೂ ಗೋಡೆ ಮತ್ತೆ ನುಂಗುತ್ತದೆ. ಇನ್ನೂರು ಮುನ್ನೂರು ಹರ್ಟ್ಸಿಗೂ ಮೇಲೆ ಹೆಚ್ಚು ಕೈಯಾಡಿಸದಿರುವುದೇ ಕ್ಷೇಮ. ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಅಳೆದು ರಾತ್ರಿ ತುಂಬಿದ ಸಭೆಗೆ ಅದೇ ಸರಿಯೆನ್ನುವುದೂ ತಪ್ಪು. ಸಭೆಯಲ್ಲಿ ಒಮ್ಮೆ ಕಿವಿಯಿಂದಲೇ ಪರೀಕ್ಷಿಸಬೇಕು. ಹಿಂದಿನ ಸಾಲಿನ ಅಜ್ಜನೊಬ್ಬರು ಕೇಳಿದ ವಾಕ್ಯವನ್ನು ತಿರುಗಿ ಹೇಳಿದರೆ ಅದಕ್ಕಿಂತ ದೊಡ್ಡ ಉಪಕರಣ ಬೇಡ.

ಆದರೆ ಯಾವ ತಂತ್ರಾಂಶವೂ ಮೂರು ಸೆಕೆಂಡಿನ ಪ್ರತಿಧ್ವನಿಯನ್ನು ಅರ್ಧಕ್ಕೆ ಇಳಿಸಲಾರದು. ಅದಕ್ಕೆ ಬಟ್ಟೆ, ನಾರು, ಪುಸ್ತಕಗಳೇ ಬೇಕು. ಪುಸ್ತಕ ತುಂಬಿದ ಗಾಜಿಲ್ಲದ ಕಪಾಟುಗಳನ್ನು ಹಿಂದಿನ ಗೋಡೆಗೆ ಸಾಲಾಗಿ ಇಟ್ಟರೆ ಅವು ದನಿಯನ್ನು ಹೀರುತ್ತವೆ, ಚದರಿಸುತ್ತವೆ. ದಪ್ಪ ಬಟ್ಟೆಯ ಪರದೆಯನ್ನು ನೆರಿಗೆ ಬಿಟ್ಟು, ಗೋಡೆಯಿಂದ ಒಂದು ಗೇಣು ಬಿಡಿಸಿ ತೂಗಬೇಕು. ನೆಲಕ್ಕೆ ತೆಂಗಿನ ನಾರಿನ ಹಾಸು. ಅದು ನಮ್ಮಲ್ಲೇ ಸಿಗುವಂಥದು. ಮೊಟ್ಟೆಯ ಟ್ರೇ ಅಂಟಿಸುವುದು, ಥರ್ಮೋಕೋಲ್ ಹೊಡೆಯುವುದು ಹಣಕ್ಕೆ ದಂಡ, ಅವು ದನಿಯನ್ನು ಹೀರುವುದು ಅತ್ಯಲ್ಪ.

ವಿದ್ಯುತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಆ್ಯಕ್ಟಿವ್ ಪೆಟ್ಟಿಗೆ ಪ್ರತಿಯೊಂದಕ್ಕೂ ಕರೆಂಟು ಬೇಕು. ಎರಡು ಕಡೆಯ ಪ್ಲಗ್ಗಿನಿಂದ ಕೊಟ್ಟಾಗ 'ಝುಂ' ಎಂಬ ಸದ್ದು ಬರುವುದುಂಟು. ಅದಕ್ಕೆ ಅರ್ತಿಂಗ್ ಕಡ್ಡಿಯನ್ನೇ ಕತ್ತರಿಸುವ ಮಹಾಶಯರನ್ನು ನಾವು ಕಂಡಿದ್ದೇವೆ. ಜೀವಕ್ಕೆ ಅಪಾಯ, ಖಂಡಿತ ಕೂಡದು. ಎಲ್ಲವನ್ನೂ ಒಂದೇ ಪ್ಲಗ್ಗಿನ ಹಲಗೆಗೆ ಜೋಡಿಸಿ, ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತಂತಿ ಬಳಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕಳೆದ ಆದಿತ್ಯವಾರ ಸಮಿತಿಯ ಇಬ್ಬರು ಯುವಕರೊಂದಿಗೆ ಒಂದು ಪೆಟ್ಟಿಗೆಯನ್ನು ಹಲಗೆಯಿಂದ ಇಳಿಸಿ, ಮೇಜಿನ ಮೇಲಿಟ್ಟು, ಮನೆಗಳಿಂದ ತಂದ ನಾಲ್ಕು ಕಂಬಳಿ ತೂಗಿ, ಅದೇ ಪ್ರಸಂಗವನ್ನು ಹಾಕಿ ನೋಡಿದೆವು. ಮದ್ದಳೆಯ ಗಾತ್ರ ಇಳಿಯಿತು, ಒಬ್ಬರಿಗೆ ಅದು ಹಿಡಿಸಲಿಲ್ಲ. ಅರ್ಥ ಮಾತ್ರ ಮೂರನೆಯ ಸಾಲಿನವರೆಗೆ ಒಂದಕ್ಷರ ಬಿಡದೆ ಕೇಳಿತು. ಹಿಂದಿನ ಸಾಲಿಗೆ ಇನ್ನೂ ಕಷ್ಟವಿದೆ. ಕಪಾಟುಗಳನ್ನು ಸರಿಸದೆ ಅದು ಸರಿಹೋಗದು, ಸರಿಸಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಮುಂದಿನ ತಿಂಗಳ ಸಭೆಯಲ್ಲಿ ವಿಷಯ ಬರಲಿದೆಯಂತೆ. ಅಳೆಯುವ ಮೈಕ್ ಆ ಯುವಕರಲ್ಲೊಬ್ಬರದು. ಬೇರೆ ವಾಚನಾಲಯ, ಸಂಘಗಳವರಿಗೆ ಬೇಕಾದಲ್ಲಿ ನಮ್ಮ ಕಚೇರಿಗೆ ತಿಳಿಸಿದರೆ, ರಜಾದಿನ ನೋಡಿ ಬಂದು ಅಳೆದುಕೊಡಲು ಅವರು ಒಪ್ಪಿದ್ದಾರೆ.